ಅಪ್ಪನ ಗುಣ, ಮಗನ ಕಾಯಿಲೆ

ನಮ್ಮ ಮಾವ ಊಟದ ತಟ್ಟೆಯನ್ನು ಗೋಡೆಗೆ ಎಸೆದರೆ ಅದು ಗುಣ. ನನ್ನ ಮೈದುನ ಊಟಕ್ಕೆ ಏಳದಿದ್ದರೆ ಅದು ಕೊಬ್ಬು. ಈ ಮನೆಯ ಕಾನೂನು ಇಷ್ಟೇ. ಸೊಸೆಯಾಗಿ ಬಂದ ವಾರದಲ್ಲೇ ನಾನಿದನ್ನು ಕಲಿತೆ, ಯಾರೂ ಕೂರಿಸಿಕೊಂಡು ಹೇಳಿಕೊಡಬೇಕಾಗಲಿಲ್ಲ.

ಮಾವನದು ಸೋಫಾ, ಕುರ್ಚಿಗಳಿಗೆ ಹೊದಿಕೆ ಕೂರಿಸುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಮೆಟ್ಟಿಲ ತುಂಬ ಸ್ಪಂಜಿನ ಪುಡಿ, ಮನೆ ತುಂಬ ಅಂಟಿನ ವಾಸನೆ, ಅನ್ನದಲ್ಲಿ ಕಲ್ಲು ಸಿಗದಿದ್ದರೂ ದಾರದ ತುಂಡು ಸಿಕ್ಕೇ ಸಿಗುತ್ತದೆ. ಮಾವ ಗಿರಾಕಿ ಹಿಡಿದು ಅಳತೆ ತೆಗೆಯುವವರು. ನನ್ನ ಗಂಡ ಮರದ ಚೌಕಟ್ಟು ರಿಪೇರಿ ಮಾಡುವವನು. ಹೊಲಿಗೆ ಯಂತ್ರದ ಮುಂದೆ ನಾನು. ಉಳಿದದ್ದೆಲ್ಲ ಮೈದುನನ ಕೆಲಸ: ಸ್ಪಂಜು ಕತ್ತರಿಸುವುದು, ಸ್ಪ್ರಿಂಗು ಕಟ್ಟುವುದು, ಬಟ್ಟೆ ಎಳೆದು ಪಿನ್ನು ಹೊಡೆಯುವುದು. ಸಂಬಳ ಅನ್ನುವುದು ಯಾರಿಗೂ ಇಲ್ಲ. ಕೇಳಿದರೆ, "ಮೂರು ಹೊತ್ತು ತಿಂತಾ ಇಲ್ವೇನಮ್ಮ?" ಎನ್ನುತ್ತಾರೆ ಮಾವ.

ಮೈದುನನಿಗೆ ಅವರಿಟ್ಟ ಹೆಸರು ಮೋಟಾರು. ಓಡುವಾಗ ಹಾಗೆ ಓಡುತ್ತಾನೆ ಅಂತ. ವರ್ಷದಲ್ಲಿ ಕೆಲವು ವಾರ ಅವನಿಗೆ ನಿದ್ದೆಯೇ ಬೇಡ. ನಾಲ್ಕು ಜನರ ಕೆಲಸ ಒಬ್ಬನೇ ಮಾಡುತ್ತಾನೆ, ಹಾಡುತ್ತಾನೆ, ಬೀದಿಯಲ್ಲಿ ಹೋಗುವವರನ್ನು ಕರೆದು ಸೋಫಾ ಮಾರುತ್ತಾನೆ. ಮಾವ ಆ ವಾರಗಳನ್ನು ನೋಡಿಕೊಂಡೇ ದೊಡ್ಡ ಕೆಲಸ ಒಪ್ಪಿಕೊಳ್ಳುತ್ತಿದ್ದರು. ಆಮೇಲೆ ಒಂದು ದಿನ ಅವನು ಹಾಸಿಗೆ ಹಿಡಿಯುತ್ತಾನೆ. ಗೋಡೆಗೆ ಮುಖ ಮಾಡಿ ಮಲಗಿದರೆ ಸ್ನಾನವಿಲ್ಲ, ಮಾತಿಲ್ಲ. ಆಗ "ಮೋಟಾರು ಕೆಟ್ಟಿದೆ" ಎಂದು ಮಾವ ಗಿರಾಕಿಗಳ ಮುಂದೆ ನಗುತ್ತಾರೆ, ಮೇಲೆ ಬಂದು ಒದರುತ್ತಾರೆ.

ಈ ಸಲ ಮೋಟಾರು ಕೆಟ್ಟಿದ್ದು ಬಹಳ ಕೆಟ್ಟ ಹೊತ್ತಿನಲ್ಲಿ. ಊರಿನ ಸಭಾಂಗಣದ ಕುರ್ಚಿಗಳಿಗೆಲ್ಲ ಹೊಸ ಹೊದಿಕೆ ಹಾಕುವ ಕೆಲಸ ಮಾವನಿಗೆ ಸಿಕ್ಕಿತ್ತು. ಜನ್ಮದಲ್ಲೇ ಅಷ್ಟು ದೊಡ್ಡ ಕೆಲಸ ಸಿಕ್ಕಿರಲಿಲ್ಲ. ಮುಂಗಡ ತಗೊಂಡಾಗಿತ್ತು, ಕೆಂಪು ಬಟ್ಟೆಯ ಉರುಳೆಗಳು ಬಂದು ಮೆಟ್ಟಿಲ ಕೆಳಗೆ ಕೂತಿದ್ದವು. ಮಗ ಮಾತ್ರ ಮೇಲೆ ಗೋಡೆ ನೋಡಿಕೊಂಡು ಮಲಗಿದ್ದ.

"ದುಡಿಯದವನಿಗೆ ಕೂಳು ಹಾಕ್ಬೇಡಿ," ಎಂದರು ಮಾವ ಊಟಕ್ಕೆ ಕೂತು. "ಹೊಟ್ಟೆ ಚುರ್ ಅಂದ್ರೆ ತಾನೇ ಎದ್ದು ಬರ್ತಾನೆ."

"ಹಸಿವು ಇದ್ರೆ ತಾನೆ ಮಾವ ಬರೋದು? ಮೂರು ದಿನದಿಂದ ನೀರು ಬಿಟ್ರೆ ಏನೂ ಮುಟ್ಟಿಲ್ಲ ಅವನು," ಎಂದೆ.

"ನೀನು ಬಡಿಸು. ಮಾತಾಡ್ಬೇಡ."

"ಬಡಿಸ್ತಾನೇ ಮಾತಾಡ್ತಿದ್ದೀನಿ."

ತಟ್ಟೆ ಹಾರಿತು. ಗೋಡೆಯ ಮೇಲೆ ಬೇಳೆ ಇಳಿಯತೊಡಗಿತು. ಅದೇ ಜಾಗದಲ್ಲಿ ಹಳೆಯ ಕಲೆಗಳೂ ಇದ್ದವು, ಸುಣ್ಣ ಹೊಡೆದರೂ ಹೋಗಿರಲಿಲ್ಲ. ಅತ್ತೆ ಒದ್ದೆ ಬಟ್ಟೆ ತಂದು ಒರೆಸಿದರು.

"ಅವರ ಗುಣವೇ ಹಾಗಲ್ವೇನಮ್ಮ," ಎಂದರು ನನಗೆ ಅಡುಗೆಮನೆಯಲ್ಲಿ. "ಮದುವೆಯಾದ ದಿನದಿಂದ ನೋಡ್ತಾ ಇದ್ದೀನಿ. ಮನಸ್ಸು ಒಳ್ಳೇದು, ಮೂಗಿನ ತುದೀಲಿ ಕೋಪ ಅಷ್ಟೆ."

"ಹಾಗಾದ್ರೆ ಮಗನ ಗುಣ ಹೀಗೆ ಅಂತ ಬಿಟ್ಬಿಡೋಕೆ ಆಗಲ್ವಾ?"

"ಅವನದು ಸೋಮಾರಿತನ ಕಣಮ್ಮ," ಎಂದರು ಅತ್ತೆ. ಆದರೂ ಸೆರಗಿನಡಿ ಒಂದು ಬಟ್ಟಲು ಅನ್ನ ಮುಚ್ಚಿಕೊಂಡು ಅವನ ಕೋಣೆಗೆ ಹೋದರು. ಬಟ್ಟಲು ಹೋದ ಹಾಗೇ ವಾಪಸು ಬಂತು.

ನನ್ನ ಗಂಡನ ವಿಷಯ ಹೇಳಲೇಬೇಕು. ಅಪ್ಪನ ಮುಂದೆ ಅಪ್ಪ ಸರಿ, ನನ್ನ ಮುಂದೆ ನಾನು ಸರಿ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಆ ದಿನವೂ ಚೌಕಟ್ಟಿಗೆ ಮೊಳೆ ಹೊಡೆಯುತ್ತ, "ಇಬ್ಬರದ್ದೂ ತಪ್ಪಿದೆ ಬಿಡು," ಎಂದ. ನನಗೆ ಮೈಯೆಲ್ಲ ಉರಿಯಿತು. ಹಾಸಿಗೆಯಲ್ಲಿ ಬಿದ್ದವನು ಮಾಡಿದ ತಪ್ಪು ಯಾವುದು ಅಂತ ಕೇಳಿದ್ದಕ್ಕೆ ಬಾಯಲ್ಲಿ ಮೊಳೆ ಇದೆ ಎಂದು ತೋರಿಸಿದ.

ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದು ಮಗ ಬಡಕಲಾದ ಅಂತ ಅಲ್ಲ, ಸಭಾಂಗಣದ ಮ್ಯಾನೇಜರು ಫೋನ್ ಮಾಡಿದ ಅಂತ. ಮಾವ, ನನ್ನ ಗಂಡ ಇಬ್ಬರೂ ಅವನನ್ನು ಎಬ್ಬಿಸಿ, ಅಂಗಿ ತೊಡಿಸಿ, ಮನಸ್ಸಿನ ಡಾಕ್ಟರೊಬ್ಬರ ಬಳಿ ಕರೆದೊಯ್ದರು. ನಾನೂ ಹೊರಟರೆ, "ಹೊಲಿಗೆ ಯಾರು ಮಾಡ್ತಾರೆ?" ಎಂದರು ಮಾವ.

ಒಳಗೆ ಏನಾಯಿತೆಂದು ಗಂಡ ಬಂದು ಹೇಳಿದ. ಹೆಮ್ಮೆಯಿಂದಲೇ ಹೇಳಿದ, ಅದೇ ತಮಾಷೆ.

"ಡಾಕ್ಟ್ರಮ್ಮ ಕೇಳಿದ್ರು, ಇವನು ಯಾವಾಗ್ಲಾದ್ರೂ ನಿದ್ದೆ ಇಲ್ದೆ ದಿನಗಟ್ಲೆ ಕೆಲಸ ಮಾಡೋದು, ವಿಪರೀತ ಮಾತಾಡೋದು, ಹುರುಪು ಜಾಸ್ತಿ ಆಗೋದು, ಹಾಗೇನಾದ್ರೂ ಉಂಟಾ ಅಂತ. ಅಪ್ಪ ಅಂದ್ರು, ಅಂಥದ್ದೇನೂ ಇಲ್ಲ ತಾಯಿ, ಚೆನ್ನಾಗಿದ್ದಾಗ ಮೈ ಮುರಿದು ದುಡೀತಾನೆ ಅಷ್ಟೆ ಅಂತ."

"ಅದನ್ನೇ ರೀ ಅವರು ಕೇಳಿದ್ದು!"

"ಏ, ಅವರು ಕೇಳಿದ್ದು ಕಾಯಿಲೆ. ದುಡಿಯೋದು ಕಾಯಿಲೆಯಾ?"

"ನಿಮ್ಮ ತಮ್ಮ ಏನಂದ?"

"ಅವನೇನಂತಾನೆ? ನೆಲ ನೋಡ್ತಾ ಕೂತಿದ್ದ."

ಬೇರೆ ಯಾವ ಮನೆಯವರಾದರೂ ಹೇಳಿಬಿಡುತ್ತಿದ್ದರೇನೋ. ನಮ್ಮದು ಅಂಗಡಿ ಮನೆ. ಇಲ್ಲಿ ಊಟ ನಿದ್ದೆ ಬಿಟ್ಟು ಪಿನ್ನು ಹೊಡೆಯುವವನಿಗೆ ಶಹಬ್ಬಾಸ್ ಸಿಗುತ್ತದೆ. ಅಂಥವನಿಗೆ ಏನೋ ಆಗಿದೆ ಎಂದು ಯಾರ ಬಾಯಲ್ಲಿ ಬರಬೇಕು? ಡಾಕ್ಟರು ಮಂಕು ಕಳೆಯುವ ಮಾತ್ರೆ ಬರೆದುಕೊಟ್ಟರು. ಹುರುಪು ಅತಿಯಾದರೆ ಕೂಡಲೇ ಕರೆದುಕೊಂಡು ಬನ್ನಿ ಎಂದೂ ಹೇಳಿದ್ದರಂತೆ. ಆ ಮಾತು ನನ್ನ ಕಿವಿಗೆ ಬಿದ್ದದ್ದು ತುಂಬ ತಡವಾಗಿ.

ಒಂದೆರಡು ವಾರದಲ್ಲಿ ಮೈದುನ ಎದ್ದು ಕೂತ. ಗಡ್ಡ ತೆಗೆದ. ಅನ್ನ ಉಂಡ. ಒಂದು ಬೆಳಿಗ್ಗೆ ಕೆಳಗಿಳಿದು ನನ್ನ ಯಂತ್ರಕ್ಕೆ ಎಣ್ಣೆ ಬಿಟ್ಟು, "ಏನ್ ಅತ್ತಿಗೆ, ಕಿರ್ ಕಿರ್ ಅಂತ ಅಳ್ತಾ ಇದೆ ಪಾಪ, ನಿಮ್ಮ ಸಹವಾಸಾನೇ ಹಾಗೆ," ಎಂದು ನಕ್ಕ. ನನಗೂ ಕಣ್ಣು ತುಂಬಿತು. ಅವನು ಅವನಾಗಿದ್ದಾಗ ಹಾಗೆಯೇ ಮೆತ್ತಗೆ ಕೀಟಲೆ ಮಾಡುವವನು.

ಆದರೆ ಅಲ್ಲಿಗೆ ನಿಲ್ಲಲಿಲ್ಲ. ಅದರ ಮುಂದಿನ ವಾರ ಮೋಟಾರು ಓಡತೊಡಗಿತು. ಹಿಂದೆಂದೂ ಓಡದ ಹಾಗೆ ಓಡಿತು. ಊಟ ನಿಂತುಕೊಂಡೇ, ಅದೂ ಎರಡು ತುತ್ತು. ಸ್ಪಂಜು ಕತ್ತರಿಸುತ್ತ ಫೋನಿನಲ್ಲಿ ಮಾತು, ಮಾತಿನ ನಡುವೆ ಹಾಡು. ಬೆಳಗಾದರೆ ಕತ್ತರಿಸಿದ ಸ್ಪಂಜು ಬಾಗಿಲವರೆಗೆ ಪೇರಿಸಿರುತ್ತಿತ್ತು. ಮಾವ ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು. ಕೋಳಿ ತಂದರು. ಅತ್ತೆ ಅಂದು ಎರಡು ಬಗೆ ಅಡುಗೆ ಮಾಡಿದರು.

"ನೋಡಿದ್ಯಾ? ಮಾತ್ರೆ ಅಂದ್ರೆ ಮಾತ್ರೆ!" ಎಂದರು ಮಾವ, ಕೋಳಿ ಕಾಲು ಕಡಿಯುತ್ತ. "ಇನ್ನೂ ಒಂದು ಡಬ್ಬಿ ತರಿಸಿಡು. ದಿನಾ ಕೊಡು."

"ಮಾವ, ಅವನು ಮಲಗ್ತಾ ಇಲ್ಲ. ಡಾಕ್ಟ್ರಿಗೆ ಒಂದು ಮಾತು ಹೇಳೋಣ."

"ಏನಂತ ಹೇಳ್ತೀಯ? ಮಗ ದುಡೀತಿದ್ದಾನೆ, ನಿಲ್ಲಿಸಿ ಅಂತನಾ?"

"ತಾತ," ಎಂದಳು ನನ್ನ ಮಗಳು. ಹೈಸ್ಕೂಲು ಮುಗಿಸುವ ವಯಸ್ಸು, ನಾಲಿಗೆ ನನ್ನದೇ. "ಚಿಕ್ಕಪ್ಪ ನಿನ್ನೆ ನನ್ನ ಪುಸ್ತಕದ ರಟ್ಟೆಲ್ಲ ಕಿತ್ತು ಕುರ್ಚಿ ಮಾಡೋದು ಹೇಗೆ ಅಂತ ತೋರಿಸಿದ್ರು. ಪರೀಕ್ಷೆ ಇದೆ ಅಂದ್ರೆ ಬೈದ್ರು. ಚಿಕ್ಕಪ್ಪ ಯಾವತ್ತೂ ನನಗೆ ಬೈದಿಲ್ಲ."

"ಹುಟ್ಟುಗುಣ ಸುಟ್ಟರೂ ಹೋಗದು," ಎಂದು ಮಾವ ಎದೆ ತಟ್ಟಿಕೊಂಡರು. "ನನ್ನ ಮಗ ಕಣೆ. ಕೋಪ ಬರ್ದೆ ಇರುತ್ತಾ?"

ಮೈದುನ ಆಗ ಕೋಣೆಯ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ಸಭಾಂಗಣ ಮುಗಿದ ಮೇಲೆ ಸಿನಿಮಾ ಮಂದಿರ, ಆಮೇಲೆ ರೈಲು, ದೇಶದ ರೈಲಿನ ಸೀಟೆಲ್ಲ ತಾನೇ ಮಾಡುವೆ ಎಂದ. ಮಾವ ತಲೆಯಾಡಿಸಿದರು. ರೈಲಿನ ಸೀಟು ಅಂದರೆ ಲಾಭವೆಷ್ಟು ಅಂತ ಅವರು ಲೆಕ್ಕ ಹಾಕುತ್ತಿದ್ದುದು ನನಗೆ ಕಾಣುತ್ತಿತ್ತು.

ಕುರ್ಚಿಗಳೇನೋ ಬೇಗ ಬೇಗ ಮುಗಿಯುತ್ತಿದ್ದವು. ಅರ್ಧ ಸಭಾಂಗಣಕ್ಕೂ ಹೆಚ್ಚು ಕೆಂಪಗೆ ಹೊಳೆಯುತ್ತಿತ್ತು, ನಾನೇ ಕಣ್ಣಾರೆ ನೋಡಿ ಬಂದಿದ್ದೆ. ಮಾರನೆಯ ಮಧ್ಯಾಹ್ನ ಮ್ಯಾನೇಜರ ಫೋನು.

"ನಿಮ್ಮ ಹುಡುಗ ಏನು ಮಾಡ್ತಿದ್ದಾನೆ ಬಂದು ನೋಡ್ರೀ!"

ನಾವು ಓಡಿದೆವು. ಮೈದುನ ಸಾಲಿನ ಮೇಲೆ ಸಾಲು ಹೊದಿಕೆ ಕಿತ್ತು ಹಾಕುತ್ತ ಹೋಗಿದ್ದ. ಕೆಂಪು ಬಟ್ಟೆ ರಾಶಿ ಬಿದ್ದಿತ್ತು, ಕಿತ್ತ ಪಿನ್ನುಗಳು ಕಾಲಿಗೆ ಚುಚ್ಚುತ್ತಿದ್ದವು. ಸಭಾಂಗಣದ ಕೆಲಸದವರು ಬಾಗಿಲಲ್ಲಿ ಗುಂಪುಗೂಡಿ ಮೊಬೈಲಿನಲ್ಲಿ ಹಿಡಿಯುತ್ತಿದ್ದರು.

"ಎಲ್ಲಾ ಸೊಟ್ಟ ಅತ್ತಿಗೆ! ಎಲ್ಲಾ ಸೊಟ್ಟ! ಯಾರಿಗೂ ಕಣ್ಣೇ ಇಲ್ವಾ?" ಎಂದು ಕೂಗಿದ. ಬೆರಳುಗಳಲ್ಲಿ ರಕ್ತ. ಒಂದು ಹೊದಿಕೆ ಎತ್ತಿ ನೋಡಿದೆ. ಹೊಲಿಗೆ ನೂಲು ಹಿಡಿದ ಹಾಗೆ ನೆಟ್ಟಗಿತ್ತು.

ಮಾವ ಬಂದವರೇ ಅವನ ಕೆನ್ನೆಗೆ ಹೊಡೆದರು. ಅವನು ಅಪ್ಪನನ್ನು ತಳ್ಳಿದ. ಮುದುಕರು ಕುರ್ಚಿಗಳ ನಡುವೆ ಬಿದ್ದರು. ಗಂಡ, ಕೆಲಸದವರು ಸೇರಿ ಅವನನ್ನು ಹಿಡಿದುಕೊಂಡು ಮನೆಗೆ ತಂದರು. ದಾರಿಯುದ್ದಕ್ಕೂ ಅವನು ಮಾತಾಡುತ್ತಲೇ ಇದ್ದ, ಯಾರ ಜೊತೆ ಎಂದು ಯಾರಿಗೂ ತಿಳಿಯಲಿಲ್ಲ.

ಆಮೇಲಿನ ವಾರಗಳನ್ನು ನೆನೆದರೆ ಇವತ್ತಿಗೂ ಹಲ್ಲು ಕಚ್ಚುತ್ತೇನೆ. ಮಾವನ ಸೊಂಟ ನೋವು, ಅವರ ಬೈಗುಳ. ಮ್ಯಾನೇಜರನಿಗೆ ಕೈಮುಗಿದು, ಕಿತ್ತಿದ್ದನ್ನೆಲ್ಲ ಮತ್ತೆ ಹೊಲಿದುಕೊಡುವ ಮಾತು. ಹೊಲಿಯುವವಳು ಯಾರು? ನಾನೇ. ಮೈದುನನ ಓಟ ಒಂದೇ ಏಟಿಗೆ ನಿಂತು, ಅವನು ಮತ್ತೆ ಗೋಡೆ ಕಡೆ ತಿರುಗಿದ.

"ಹುಟ್ಟಿಸಿ ಸಾಕಿದ್ದಕ್ಕೆ ಅಪ್ಪನ ಮೇಲೇ ಕೈ ಮಾಡ್ದ. ರಾಕ್ಷಸ," ಎಂದರು ಮಾವ.

"ಮೊದಲು ಹೊಡೆದಿದ್ದು ಯಾರು?" ಎಂದಳು ಮಗಳು.

"ನಿನ್ನ ಮಗಳಿಗೆ ಬಾಯಿ ಮುಚ್ಚೋಕೆ ಹೇಳು!"

"ಅವಳ ಗುಣವೇ ಹಾಗೆ ಮಾವ," ಎಂದೆ. "ಹುಟ್ಟುಗುಣ."

ಒಂದು ಬೆಳಿಗ್ಗೆ ನಾನು ಯಂತ್ರದ ಮುಂದೆ ಕೂತಿದ್ದಾಗ ಮೈದುನ ತಾನಾಗಿಯೇ ಕೆಳಗೆ ಬಂದ. ಎಷ್ಟೋ ದಿನದ ಅಂಗಿ ಮೈಮೇಲೆ. ಸ್ಪಂಜು ಕತ್ತರಿಸುವ ಚಾಕು ಮೊಳ ಉದ್ದದ್ದು. ಅದನ್ನು ಗೂಟದಿಂದ ತೆಗೆದು, ಹಿಡಿಯನ್ನು ನನ್ನ ಕಡೆ ಮಾಡಿ ಚಾಚಿದ.

"ಇದನ್ನ ನೀವು ಇಟ್ಕೊಳ್ಳಿ ಅತ್ತಿಗೆ."

"ಯಾಕೋ? ಸಾಣೆ ಹಿಡಿಸ್ಬೇಕಾ?"

"ಇಲ್ಲ. ನನಗೆ ಕಾಣದ ಕಡೆ ಇಡಿ. ಅಂಟಿನ ಡಬ್ಬಾನೂ."

ಅಷ್ಟೇ ಹೇಳಿ ನಿಂತ. ನನ್ನ ಕಾಲು ಪೆಡಲಿನ ಮೇಲೆ ಹಾಗೇ ಉಳಿಯಿತು. ಚಾಕು ಇಸಕೊಂಡೆ, ಬೀಗ ಇರುವ ಪೆಟ್ಟಿಗೆಗೆ ಹಾಕಿದೆ, ಡಬ್ಬ ಹಾಕಿದೆ, ಕತ್ತರಿಗಳನ್ನೂ ಹಾಕಿದೆ. ಹೆದರಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಸಾಯಬೇಕೆನಿಸಿದ ಮನುಷ್ಯ ಚಾಕುವನ್ನು ತಾನೇ ತಂದು ಕೊಡುವಷ್ಟು ಕಷ್ಟಪಡುತ್ತಿದ್ದಾನೆ, ಈ ಮನೆಯವರು ಅವನಿಗೆ ಸೋಮಾರಿ ಅನ್ನುತ್ತಿದ್ದಾರೆ!

"ಚಪ್ಪಲಿ ಹಾಕ್ಕೋ," ಎಂದೆ. "ನಡಿ."

"ಎಲ್ಲಿಗಮ್ಮ? ಹೊಲಿಗೆ?" ಎಂದರು ಮಾವ ಬಾಗಿಲಲ್ಲಿ.

"ಹೊಲಿಗೆ ಹಾಳಾಗಿ ಹೋಗ್ಲಿ!"

ಅದೇ ಡಾಕ್ಟರು. ಈ ಸಲ ಒಳಗೆ ನಾನು ಕೂತೆ. ಅವನೇ ಮೊದಲು ಚಾಕುವಿನ ಮಾತು ಹೇಳಿದ, ನೆಲ ನೋಡಿಕೊಂಡೇ ಹೇಳಿದ. ಆಮೇಲೆ ನಾನು ಉಳಿದದ್ದೆಲ್ಲ ಹೇಳಿದೆ. ಹಾಡು, ರೈಲಿನ ಸೀಟು, ಪುಸ್ತಕದ ರಟ್ಟು, ಕಿತ್ತ ಕುರ್ಚಿ, ಮಾವ ನೋಡಿಕೊಂಡು ಕೆಲಸ ಒಪ್ಪುವ ವಾರಗಳು. ಡಾಕ್ಟರ ಮುಖ ಕೆಂಪಾಯಿತು.

"ಇದನ್ನ ನಾನು ಮೊದಲ ದಿನಾನೇ ಕೇಳಿದ್ದೆ. ಇಲ್ಲ ಅಂದ್ರು. ಏರೋದೂ ಇಳಿಯೋದೂ ಎರಡೂ ಇರೋರಿಗೆ ಬರೀ ಮಂಕು ಕಳೆಯೋ ಮಾತ್ರೆ ಕೊಟ್ರೆ ಹೀಗೆ ಹಾರಿಹೋಗ್ಬಹುದು. ಯಾಕಮ್ಮ ಮುಚ್ಚಿಟ್ರು?"

"ಮುಚ್ಚಿಟ್ಟಿಲ್ಲ ಡಾಕ್ಟ್ರೇ. ಅವರಿಗೆ ಅದು ಕಾಯಿಲೆ ಅಂತಾನೇ ಗೊತ್ತಿಲ್ಲ. ಅದೇ ಇವನ ಗುಣ, ಮಲಗೋದು ನಾಟಕ ಅಂತಾರೆ."

"ಇವೆರಡೂ ಇಲ್ಲದಾಗ ಇವರು ಹೇಗಿರ್ತಾರೆ?"

ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. "ಮೆತ್ತಗೆ ಮಾತಾಡ್ತಾನೆ. ಕೀಟಲೆ ಮಾಡ್ತಾನೆ. ಸ್ವಲ್ಪ ಹಟ. ಹೊಲಿಗೆ ಒಂದು ದಾರದಷ್ಟು ಸೊಟ್ಟ ಆದ್ರೂ ಬಿಚ್ಚಿ ಮತ್ತೆ ಹೊಲೀತಾನೆ."

"ಹಾಂ. ಸೊಟ್ಟ ಇರೋದನ್ನ ಬಿಚ್ಚೋದು ಗುಣ. ಅದು ಹುಟ್ಟಿದಾಗಿಂದ ಜೊತೆಗೇ ಇರುತ್ತೆ. ನೆಟ್ಟಗಿರೋದೂ ಸೊಟ್ಟ ಕಂಡು ಕಿತ್ತು ಹಾಕೋದು ಕಾಯಿಲೆ. ಅದು ಬರುತ್ತೆ, ಹೋಗುತ್ತೆ, ಬಂದಾಗ ಮನುಷ್ಯನೇ ಬೇರೆ ಆಗ್ಬಿಡ್ತಾನೆ. ಇದಕ್ಕೆ ಔಷಧಿ ಇದೆ."

ನನಗೆ ತಡೆಯಲಾಗಲಿಲ್ಲ. "ನಮ್ಮ ಮಾವ ಒಬ್ಬರಿದ್ದಾರೆ. ಬಿಸಿಲಾದ್ರೂ ಅದೇ, ಮಳೆಯಾದ್ರೂ ಅದೇ, ಮದುವೆಯಾದ ದಿನದಿಂದ ತಟ್ಟೆ ಎಸೀತಿದ್ದಾರಂತೆ. ಅದು?"

ಡಾಕ್ಟರು ಮೊದಲ ಸಲ ನಕ್ಕರು. "ನೋಡದೆ ನಾನೇನೂ ಹೇಳೋ ಹಾಗಿಲ್ಲ. ಆದ್ರೆ ಬರೀ ಗುಣ ಆಗಿದ್ರೆ, ಅದಕ್ಕೆ ನನ್ನ ಹತ್ರ ಮಾತ್ರೆ ಇಲ್ಲಮ್ಮ."

ಕೆಲವು ದಿನ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ರಕ್ತ ಪರೀಕ್ಷೆ ಮಾಡಿದರು. ಹಳೆಯ ಮಾತ್ರೆ ನಿಲ್ಲಿಸಿ ಬೇರೆ ಕೊಟ್ಟರು, ಯಾರ ಮಾತು ಕೇಳಿಯೂ ಬಿಡಬೇಡಿ ಎಂದು ಎರಡೆರಡು ಸಲ ಹೇಳಿದರು. ಆ ದಿನಗಳಲ್ಲಿ ನಾನು ಊಟದ ಡಬ್ಬಿ ಹಿಡಿದು ಹೋಗಿ ಬರುತ್ತಿದ್ದೆ. ಮಗಳು ಒಂದು ದಿನ ಜೊತೆಗೆ ಬಂದಳು, ಕಿತ್ತ ರಟ್ಟಿನ ಪುಸ್ತಕ ತಂದು ಅವನ ಮುಂದಿಟ್ಟಳು. ಅವನು ದಾರ ಕೇಳಿ, ಕೂತು ರಟ್ಟು ಹೊಲಿದುಕೊಟ್ಟ. ಸೂಜಿಯನ್ನು ನರ್ಸಮ್ಮ ಪಕ್ಕದಲ್ಲೇ ನಿಂತು ವಾಪಸು ತಗೊಂಡರು. ಮಾವ ಒಂದು ದಿನವೂ ಬರಲಿಲ್ಲ, ಸೊಂಟ ನೋವು ಅವರಿಗೆ. ಗಿರಾಕಿಗಳ ಹಳೇ ಬಾಕಿ ವಸೂಲಿಗೆ ಹೋಗುವಾಗ ಆ ಸೊಂಟ ಚೆನ್ನಾಗಿಯೇ ಇತ್ತು.

ಮನೆಗೆ ಬಂದವನು ನಿಧಾನವಾಗಿದ್ದ. ಹೊಸ ಮಾತ್ರೆಗೆ ಕೈ ಸ್ವಲ್ಪ ನಡುಗುತ್ತಿತ್ತು, ಬಾಯಾರುತ್ತಿತ್ತು. ಆದರೆ ಮಲಗುತ್ತಿದ್ದ, ಏಳುತ್ತಿದ್ದ, ಉಣ್ಣುತ್ತಿದ್ದ. ದಿನಕ್ಕೆ ನಾಲ್ಕು ಕುರ್ಚಿ ಮುಗಿಸುತ್ತಿದ್ದ. ನಾಲ್ಕೂ ಅಚ್ಚುಕಟ್ಟು.

"ಮೋಟಾರು ಹೋಗಿ ಎತ್ತಿನ ಗಾಡಿ ಆಯ್ತು," ಎಂದರು ಮಾವ. ದಿನವೂ ಎಂದರು. ಸಭಾಂಗಣದ ಉದ್ಘಾಟನೆ ಹತ್ತಿರವಾದಂತೆ ಅವರ ಧ್ವನಿ ಏರಿತು. ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ, ಎಲ್ಲರೂ ಕೂತಿರುವಾಗ, ಅಂಗಿ ಜೇಬಿನಿಂದ ಹಳೆಯ ಮಾತ್ರೆಯ ಪಟ್ಟಿ ತೆಗೆದರು. ಮುಚ್ಚುಮರೆಯೇ ಇಲ್ಲ.

"ತಗೋ. ಈ ಹಳೇದೇ ಚೆನ್ನಾಗಿತ್ತು. ಹೊಸದನ್ನ ಒಂದು ತಿಂಗಳು ಬಿಡು. ಉದ್ಘಾಟನೆ ಮುಗೀಲಿ, ಆಮೇಲೆ ಏನಾದ್ರೂ ಮಾಡ್ಕೋ."

"ಮಾವ! ಇದರಿಂದಾನೇ ಅವನು ಹಾರಿದ್ದು!"

"ಹಾರಿದ್ದಕ್ಕೇ ಅಲ್ವೇನೇ ಅರ್ಧ ಸಭಾಂಗಣ ಮುಗಿದಿದ್ದು? ಸ್ವಲ್ಪ ಹಾರ್ಲಿ. ಈ ಸಲ ನಾನು ಹಿಡ್ಕೋತೀನಿ."

ಮೈದುನ ಪಟ್ಟಿ ನೋಡಿದ. ಅಣ್ಣನ ಮುಖ ನೋಡಿದ. ನನ್ನ ಗಂಡ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ, ಹಚ್ಚಿದ್ದಕ್ಕೇ ಹಚ್ಚುತ್ತಿದ್ದ.

"ಏನಾದ್ರೂ ಹೇಳ್ರೀ!" ಎಂದೆ.

"ಅಪ್ಪ ಹೇಳೋದ್ರಲ್ಲೂ ಒಂದರ್ಥ ಇದೆ, ನೀನು ಹೇಳೋದ್ರಲ್ಲೂ..."

"ಥೂ!" ಎಂದೆ. ಬಾಯಿ ತಪ್ಪಿ ಬಂದದ್ದಲ್ಲ, ಬೇಕೆಂದೇ ಅಂದೆ. "ಅವನ ಹೊಸ ಮಾತ್ರೆ ನಿಂತ ದಿನ ನನ್ನ ಮೆಷಿನ್ನೂ ನಿಲ್ಲುತ್ತೆ. ಇಬ್ಬರೂ ಸೇರಿ ಹಲ್ಲಲ್ಲಿ ಹೊಲ್ಕೊಳ್ಳಿ."

ಮಾವ ತಟ್ಟೆಗೆ ಕೈ ಹಾಕಿದರು. ಅಷ್ಟರಲ್ಲಿ ಅತ್ತೆ ಎದ್ದು ಬಂದರು. ಮಾವನ ಇನ್ನೊಂದು ಕೈಯಲ್ಲಿದ್ದ ಪಟ್ಟಿಯನ್ನು ಮೆಲ್ಲಗೆ ಬಿಡಿಸಿಕೊಂಡರು. ಒಂದೊಂದೇ ಮಾತ್ರೆ ಒತ್ತಿ ತೆಗೆದು, ಪಾತ್ರೆ ತೊಳೆದ ನೀರಿನ ಬಕೆಟ್ಟಿಗೆ ಹಾಕಿದರು. ಟಪ್, ಟಪ್ ಎಂದು ಪಟ್ಟಿ ಪೂರ್ತಿ ಖಾಲಿಯಾಯಿತು.

"ಏನೇ ಇದು?" ಎಂದರು ಮಾವ.

"ನನ್ನ ಗುಣವೇ ಹೀಗೆ ಅನ್ಕೊಳ್ಳಿ," ಎಂದರು ಅತ್ತೆ. ಬಕೆಟ್ಟು ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದರು.

ಕೆಲಸ ತಡವಾಯಿತು. ಮ್ಯಾನೇಜರು ಕೂಗಾಡಿದ, ಆದರೆ ಕುರ್ಚಿಗಳು ಒಂದೊಂದಾಗಿ ಮುಗಿಯುತ್ತ ಬಂದವು. ಎತ್ತಿನ ಗಾಡಿಯೂ ಊರು ಮುಟ್ಟುತ್ತದೆ. ಎಲ್ಲ ಮುಗಿಯಿತು ಅನ್ನುವಾಗ, ಕೊನೆಯ ಸಾಲಿನ ಒಂದು ಹೊದಿಕೆಯನ್ನು ಮೈದುನ ಬೆಳಕಿಗೆ ಹಿಡಿದ. ಬ್ಲೇಡು ತಗೊಂಡು ಹೊಲಿಗೆ ಬಿಚ್ಚತೊಡಗಿದ.

"ಬಿಚ್ತಿದ್ದಾನೆ! ಮತ್ತೆ ಬಿಚ್ತಿದ್ದಾನೆ!" ಎಂದು ಮಾವ ಮೇಲಿನವರೆಗೂ ಕೇಳುವ ಹಾಗೆ ಕೂಗಿದರು. ಗಂಡ ಸುತ್ತಿಗೆ ಬಿಟ್ಟು ಓಡಿಬಂದ. ನಾನೂ ಎದ್ದು ಹೋದೆ. ಹೊದಿಕೆ ಇಸಕೊಂಡು ನೋಡಿದೆ. ನನ್ನದೇ ಹೊಲಿಗೆ. ಮೂಲೆಯಲ್ಲಿ ಸೊಟ್ಟಗೆ ಓಡಿತ್ತು.

"ಸೊಟ್ಟ ಇದೆ," ಎಂದೆ. "ಬಿಚ್ಚಪ್ಪ."

ಅಲ್ಲಿಗೆ ಮುಗಿಯಬಹುದಿತ್ತು. ಮಾವ ಬಿಡುವವರಲ್ಲ. ಮಧ್ಯಾಹ್ನ ಊಟಕ್ಕೆ ಕೂತರೂ ಅದೇ ರಾಗ.

"ಒಂದು ಬಿಚ್ಚಿದ್ದು ನಾಳೆ ನೂರಾಗುತ್ತೆ. ನಾನು ನೋಡಿಲ್ವಾ ಇವನ ಆಟ? ಹಾಸಿಗೇಲಿ ಬಿದ್ದು ಅನ್ನ ದಂಡ ಮಾಡ್ದ, ಸಭಾಂಗಣ ಹಾಳು ಮಾಡ್ದ, ಏ ಮೋಟಾರು, ನಿನಗೇ ಹೇಳ್ತಿರೋದು..."

ಮೈದುನ ಲೋಟ ಕೆಳಗಿಟ್ಟ.

"ನನ್ನ ಮೋಟಾರು ಅನ್ಬೇಡಿ."

"ಏನಂದೆ?"

"ಮೋಟಾರು ಅನ್ಬೇಡಿ ಅಂದೆ. ಓಡುವಾಗ ಮೋಟಾರು, ನಿಂತಾಗ ಸೋಮಾರಿ. ನಾನು ಸಾಯ್ತಾ ಮಲಗಿದ್ದಾಗ ಅನ್ನ ಹಾಕ್ಬೇಡಿ ಅಂದವರು ನೀವು. ಕೇಳಿಸ್ತಿತ್ತು ನನಗೆ. ಗೋಡೆ ಕಡೆ ತಿರುಗಿದ್ರೆ ಕಿವಿ ಇರಲ್ವಾ?" ಧ್ವನಿ ಏರುತ್ತ ಹೋಯಿತು. ನಡುಗುವ ಕೈಯಿಂದ ಮೇಜು ತಟ್ಟಿದ, ಸಾರಿನ ಸೌಟು ಎಗರಿತು. "ಉದ್ಘಾಟನೆ ಆಗೋ ತನಕ ಹುಚ್ಚು ಹಿಡಿಸೋಕೆ ನೋಡಿದ್ರಿ! ಸ್ವಂತ ಮಗನಿಗೆ!"

ಮಾವನ ಮುಖ ಬಿಳಿಚಿಕೊಂಡಿತು. "ಶುರುವಾಯ್ತು! ನೋಡಿ, ಶುರುವಾಯ್ತು! ಮಾತ್ರೆ ತಗೊಂಬನ್ರೋ!"

ಗಂಡ ಎದ್ದೇ ಬಿಟ್ಟ, ಮಾತ್ರೆ ಇಡುವ ಕಪಾಟಿನ ಕಡೆ ಓಡಿದ. ಅತ್ತೆಯೂ ಎದ್ದು ಮಗನ ಭುಜ ಒತ್ತಿ ಹಿಡಿದು, "ಬೇಡ ಕಂದ, ಸುಮ್ನಿರು, ಕಾಯಿಲೆ ಬರುತ್ತೆ," ಎಂದು ಅಳತೊಡಗಿದರು. ಮೈದುನನ ಕಣ್ಣಲ್ಲಿ ಒಂದು ಅನುಮಾನ ಸುಳಿಯಿತು. ಅವನು ನನ್ನ ಕಡೆ ನೋಡಿದ. ಇದು ನಾನೋ, ಅದೋ ಎಂದು ಕೇಳುವ ಹಾಗೆ ನೋಡಿದ.

ನನಗೆ ಬಂದ ಸಿಟ್ಟು ಹೇಳತೀರದು.

"ಕೂತ್ಕೊಳ್ಳಿ ಅತ್ತೆ. ರೀ, ಆ ಕಪಾಟು ಮುಚ್ಚಿ ಬನ್ನಿ. ಮಾತ್ರೆ ಬೆಳಿಗ್ಗೇನೇ ತಗೊಂಡಿದ್ದಾನೆ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದಾನೆ. ಹೊಟ್ಟೆ ತುಂಬ ಉಂಡಿದ್ದಾನೆ. ಇದು ಕಾಯಿಲೆ ಅಲ್ಲ ಮಾವ. ಇದು ಕೋಪ. ಇಷ್ಟು ವರ್ಷ ಈ ಮನೇಲಿ ನೀವೊಬ್ಬರೇ ಇಟ್ಕೊಂಡಿದ್ರಿ, ಅದಕ್ಕೇ ಬೇರೆಯವರದ್ದು ಗುರುತು ಸಿಗ್ತಿಲ್ಲ."

ಮಾವನ ಕೈ ತಟ್ಟೆಯ ಅಂಚಿನ ಮೇಲಿತ್ತು. ಮಗಳು ಎದ್ದು ಹೋಗಿ ಆ ಗೋಡೆಗೆ ಬೆನ್ನು ಕೊಟ್ಟು, ಬೇಳೆಯ ಕಲೆಗಳ ಮುಂದೆಯೇ ನಿಂತಳು. ಮಾವ ಅವಳನ್ನು ನೋಡಿದರು. ತಟ್ಟೆ ಹಾರಲಿಲ್ಲ.

ನಾನು ಮೈದುನನ ತಟ್ಟೆಗೆ ಅನ್ನ ಬಡಿಸಿದೆ. "ನೀನು ಹೇಳಪ್ಪ," ಎಂದೆ. "ಎಲ್ಲಿಗೆ ನಿಲ್ಲಿಸಿದ್ದೆ?"

"ಅನ್ನದ ಹತ್ರ," ಎಂದ ಮೈದುನ.

"ಹಾಂ, ಅಲ್ಲಿಂದ ಹೇಳು."

ಅವನು ಹೇಳಿದ. ನಿಧಾನವಾಗಿ, ಒಂದೊಂದೇ ವಿಷಯ ಬಿಚ್ಚಿ ಹೇಳಿದ. ಮುಗಿಯುವವರೆಗೆ ಮಾವನನ್ನು ನಾನು ಏಳಗೊಡಲಿಲ್ಲ.